ಒಂದು ಜೊತೆ ತಟ್ಟೆಗಾಗಿ

ಎಂಟನೇ ಕ್ಲಾಸಿನ ನಮ್ಮ ಮೊಮ್ಮಗಳು ರಾಕ್ ಸಂಗೀತಕ್ಕೆ ಡ್ರಮ್ಸ್ ನುಡಿಸುತ್ತಾಳೆ. ಹಬ್ಬಕ್ಕೂ ಹುಟ್ಟುಹಬ್ಬಕ್ಕೂ ಬಂದ ದುಡ್ಡನ್ನು ಎರಡು ವರ್ಷ ಕೂಡಿಟ್ಟಿದ್ದಳು. “ತಾತ, ಹೈ-ಹ್ಯಾಟ್ ತರೋಕೆ ನೀವೂ ಬನ್ನಿ. ಭಜನೇಲಿ ತಾಳ ಹಾಕ್ತಿದ್ರಲ್ಲ, ನಿಮಗೆ ಗೊತ್ತಾಗುತ್ತೆ” ಎಂದಳು.

ಹೈ-ಹ್ಯಾಟ್ ಎಂದರೆ ಟೋಪಿಯಲ್ಲ ಮಕ್ಕಳೇ! ಒಂದೇ ಕಂಬಿಯಲ್ಲಿ ಎದುರುಬದುರಾಗಿ ಕೂರಿಸಿದ ಎರಡು ಸಿಂಬಲ್ ತಟ್ಟೆಗಳು. ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನದು ಇಳಿದು ಕೆಳಗಿನದನ್ನು ಕೂಡುತ್ತದೆ. ಮುಚ್ಚಿ ಹೊಡೆದರೆ ‘ಚಿಕ್ ಚಿಕ್’. ಸ್ವಲ್ಪ ತೆರೆದು ಹೊಡೆದರೆ ಬಿಸಿ ಎಣ್ಣೆಗೆ ನೀರು ಬಿದ್ದ ಹಾಗೆ ‘ಚುಂಯ್’. ಸುಮಾರು ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಇವು ಮೊಣಕಾಲಿಗಿಂತ ಕೆಳಗಿದ್ದವು, ಕಾಲಿನಿಂದಷ್ಟೇ ನುಡಿಯುತ್ತಿದ್ದವು. ಕಂಬಿ ಎತ್ತರವಾದ ಮೇಲೆ ಕೋಲಿಗೂ ಸಿಕ್ಕವು.

ಅಂಗಡಿಯವರು ಮೊದಲು ತೋರಿಸಿದ್ದು ಹಿತ್ತಾಳೆಯ ಪೂರ್ತಿ ಸೆಟ್. ಅವಳ ದುಡ್ಡಿಗೆ ನಾಲ್ಕು ತಟ್ಟೆ ಬರುತ್ತಿದ್ದವು. ಬಡಿದು ನೋಡಿದರೆ ಬೋಗುಣಿ ಬಿದ್ದ ಸದ್ದು. ಒಳ್ಳೆಯ ಸಿಂಬಲ್ ಕಂಚಿನದು: ನೂರಕ್ಕೆ 80 ಪಾಲು ತಾಮ್ರ, 20 ಪಾಲು ತವರ. ತವರ 8 ಪಾಲಿರುವ ಅಗ್ಗದ ಬಗೆಯೂ ಉಂಟು, ಅದನ್ನು ತೆಗೆದುಹಾಕುವಂತಿಲ್ಲ. ಡ್ರಮ್ಸಿನವರು ಹಾಡಿನುದ್ದಕ್ಕೂ ಹೆಚ್ಚು ಮುಟ್ಟುವುದು ಹೈ-ಹ್ಯಾಟನ್ನೇ. ನಾಲ್ಕು ಹಿತ್ತಾಳೆ ಬಿಟ್ಟು ಒಂದು ಜೊತೆ ಕಂಚು, ಹಳೆಯದಾದರೂ ಸರಿ ಎಂದು ಇಬ್ಬರೂ ಒಪ್ಪಿದೆವು.

ಜೊತೆ ಎಂದರೆ ಅವಳಿ-ಜವಳಿಯಲ್ಲ. ಮಲೆ ಮಹದೇಶ್ವರನ ದೇವರಗುಡ್ಡರ ಕಂಸಾಳೆ ನೋಡಿದ್ದೀರಾ? ಒಂದು ಬಟ್ಟಲಿನಂತೆ, ಇನ್ನೊಂದು ಚಪ್ಪಟೆ. ಹೈ-ಹ್ಯಾಟಿನಲ್ಲೂ ಸಾಮಾನ್ಯವಾಗಿ ಮೇಲಿನ ತಟ್ಟೆ ಹಗುರ, ಕೆಳಗಿನದು ಭಾರ. ಗಿಟಾರಿನ ಅಬ್ಬರದ ನಡುವೆಯೂ ‘ಚಿಕ್’ ಕೇಳಬೇಕಾದರೆ ಆ ಭಾರ ಬೇಕು. ಆದರೆ ಎರಡರ ಅಂಚೂ ಪೂರ್ತಿ ಕೂಡಿಕೊಂಡರೆ ಒಳಗೆ ಗಾಳಿ ಸಿಕ್ಕಿ ಸದ್ದು ಮಂಕಾಗುತ್ತದೆ. ಅದಕ್ಕೇ ಕೆಲವರು ಕೆಳತಟ್ಟೆಯ ಅಂಚನ್ನು ಅಲೆಅಲೆಯಾಗಿ ಮಾಡುತ್ತಾರೆ, ಕೆಲವರು ತೂತು ಕೊರೆಯುತ್ತಾರೆ. ಸ್ಟ್ಯಾಂಡಿನ ತಿರುಪು ತಿರುಗಿಸಿ ಕೆಳತಟ್ಟೆಯನ್ನು ತುಸು ಓರೆ ಮಾಡಿದರೂ ಸಾಕು. ಅದಕ್ಕೆ ಕಾಸೂ ಬೇಡ.

ಲೆಡ್ ಜೆಪಲಿನ್ ತಂಡದ ಜಾನ್ ಬಾನಮ್ ನುಡಿಸುತ್ತಿದ್ದದ್ದು 15 ಇಂಚಿನದು, ಅದೇ ಬೇಕು ಎಂಬ ಆಸೆ ಅವಳಿಗಿತ್ತು. ಪೆಡಲ್ ಒತ್ತಿ ನೋಡಿದಳು. ತಟ್ಟೆ ಅವಳ ಕಾಲಿನ ಹಿಂದೆಯೇ ಓಡಿಬರುತ್ತಿರಲಿಲ್ಲ. ರಾಕ್‌ನಲ್ಲಿ ಹೆಚ್ಚಾಗಿ ಬಳಸುವ 14 ಇಂಚಿಗೇ ಇಳಿದಳು.

ಮೂರು ಜೊತೆ ಉಳಿದವು. ತನ್ನದೇ ಕೋಲು ತಂದಿದ್ದಳು. ಮುಚ್ಚಿ, ಅರೆ ತೆರೆದು, ಬರೀ ಕಾಲಲ್ಲಿ, ಹೀಗೆ ಒಂದೊಂದನ್ನೂ ನುಡಿಸಿದಳು. ನುಡಿಸುವವರಿಗೂ ಎದುರಿಗಿರುವವರಿಗೂ ಒಂದೇ ಥರ ಕೇಳುವುದಿಲ್ಲವೆಂದು ನನ್ನನ್ನು ಬಾಗಿಲ ಬಳಿ ನಿಲ್ಲಿಸಿದಳು.

“ಮೂರನೇದು ಕೊನೇಲಿ ಕೀರಲು ಬರ್ತಿದೆ ಅಲ್ವಾ ತಾತ?”

ನನಗೆ ಎರಡನೆಯದೂ ಮೂರನೆಯದೂ ಒಂದೇ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಕೀರಲು ಸದ್ದನ್ನೇ. ಹಾಗೆಂದೆ. ಅವಳು ಕೋಲು ಕೆಳಗಿಟ್ಟು ನನ್ನನ್ನೇ ನೋಡಿದಳು.

ಬೆರಳು ಮಾತ್ರ ಇನ್ನೂ ಚುರುಕು. ಎರಡನೆಯ ಜೊತೆಯ ಅಂಚಿನ ಸುತ್ತ, ನಡುವಿನ ತೂತಿನ ಸುತ್ತ ಉಗುರು ಎಳೆದು ನೋಡಿದೆ. ಭಜನೆಯ ತಾಳವನ್ನು ಹಾಗೇ ನೋಡುತ್ತಿದ್ದೆವು. ಬಿರುಕಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಗಲಿಲ್ಲ. ಅದನ್ನೇ ಕಟ್ಟಿಸಿದೆವು.

ಮಿಕ್ಕ ದುಡ್ಡಿಗೆ ಹೊಸ ಕೋಲು ಕೊಳ್ಳುವುದೆಂದು ಮಾತಾಗಿತ್ತು. ಅವಳು ಕಿವಿಗೆ ಹಾಕುವ ಪ್ಲಗ್ ಕೇಳಿದಳು, ಎರಡು ಜೊತೆ.

“ನನಗ್ಯಾಕಮ್ಮಾ, ಹೋಗೋದು ಹೋಗಿದೆ” ಎಂದೆ.

“ಇನ್ನೂ ಸ್ವಲ್ಪ ಇದೆಯಲ್ಲ ತಾತ” ಎಂದು ಜೇಬಿಗೆ ಹಾಕಿದಳು.

ಈಗ ದಿನಾ ಸಂಜೆ ಐದೂವರೆಯಿಂದ ಆರೂಕಾಲರವರೆಗೆ ಅಭ್ಯಾಸ. ಪಕ್ಕದ ಮನೆಯವರ ಜೊತೆ ಆದ ಒಪ್ಪಂದ ಅಷ್ಟೇ ಹೊತ್ತಿನದು.