ನನ್ ಲೆಕ್ಕಕ್ಕೆ ಬರ್ಕೊ

ಚನ್ನಪಟ್ಟಣದ ಹಳೇ ಹೆದ್ದಾರಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಗೊಂಬೆ ಅಂಗಡಿಯನ್ನು ಮೊನ್ನೆ ಕೆಡವಿದರು. ಜೊತೆಗಿದ್ದ ತಂಗಿಯ ಮಗಳು, "ಮಾವ, ಇಲ್ಲಿ ಯಾರೂ ನಿಲ್ಲೋದೇ ಇಲ್ವಲ್ಲ, ಇಷ್ಟೊಂದು ಅಂಗಡಿ ಯಾಕಿಟ್ರು?" ಎಂದಳು. ಅವಳಿಗೆ ಬುದ್ಧಿ ಬರುವ ಹೊತ್ತಿಗೆ ಬೆಂಗಳೂರು-ಮೈಸೂರು ದಶಪಥ ಬಂದಾಗಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬಳಸಿಕೊಂಡು ಹೋಗುತ್ತದೆ. ಹಳೇ ರಸ್ತೆಯೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಭಾನುವಾರ ಸಂಜೆ ರಾಮನಗರ ದಾಟುವುದೇ ಒಂದು ಶಿಕ್ಷೆಯಾಗಿತ್ತು. ಅಂಗಡಿಯೆದುರೇ ಅಪಘಾತಗಳನ್ನು ಕಂಡಿದ್ದೇನೆ.

ನಾನು ಅಲ್ಲಿದ್ದದ್ದು ತೊಂಬತ್ತರ ದಶಕದಲ್ಲಿ. ಆಗಿನ್ನೂ ನಮ್ಮದು ಬೆಂಗಳೂರು ಗ್ರಾಮಾಂತರ ಜಿಲ್ಲೆ. ಕಂಡಕ್ಟರ್ "ಹತ್ತೇ ನಿಮಿಷ" ಎಂದು ಕೂಗಿದರೆ ಬಸ್ಸಿನ ಅರ್ಧ ಜನ ಟೀಗೆ, ಅರ್ಧ ಜನ ನಮ್ಮ ಅಂಗಡಿಗೆ. ಅವರನ್ನೆಲ್ಲ ಸಂಭಾಳಿಸುತ್ತಿದ್ದವರು ನಾವೆಲ್ಲ ಚಾಚಾ ಎನ್ನುತ್ತಿದ್ದ ಹಿರಿಯರು. ಆಯುಷ್ಯದ ಬಹುಪಾಲು ಲೇತಿನ ಮುಂದೆ ಕೂತು, ಮರದ ಧೂಳಿಗೆ ಉಸಿರು ಕಟ್ಟತೊಡಗಿದ ಮೇಲೆ ವ್ಯಾಪಾರಕ್ಕೆ ನಿಂತವರು. ಆದರೂ ಬೆಳಿಗ್ಗೆ ಹಿತ್ತಿಲಿನ ಲೇತಿನಲ್ಲಿ ಒಂದಿಷ್ಟು ಬುಗುರಿ ತಿರುವದೆ ಅಂಗಡಿಗೆ ಕಾಲಿಡುತ್ತಿರಲಿಲ್ಲ. ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಮೇಲೆ ಕೇದಗೆಯ ಒಣ ಎಲೆ ಒತ್ತಿದರೆ ಫಳಫಳ ಹೊಳಪು. ಮರ, ಬಿಸಿ ಅರಗು ಸೇರಿದ ಆ ವಾಸನೆ ಚಾಚಾರ ಅಂಗಿಯಿಂದ ರಾತ್ರಿಯವರೆಗೂ ಹೋಗುತ್ತಿರಲಿಲ್ಲ. ಕೊನೆಕೊನೆಗೆ ಅದೇ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಂದೂಕುಗಳು ತೂಗಾಡಿದವು. ಅವಕ್ಕೆ ವಾಸನೆಯೂ ಇಲ್ಲ, ಮಾಡಿದವನ ಗುರುತೂ ಇಲ್ಲ.

ಒಮ್ಮೆ ಮೈಸೂರಿನ ಕಡೆಯ ತಾಯಿಯೊಬ್ಬಳು ಮರದ ರೈಲಿಗೆ ಚೌಕಾಸಿ ಮಾಡುತ್ತಿದ್ದಳು. ನಾವು ಅರವತ್ತು ಅಂದೆವು, ಆಕೆ ನಲವತ್ತರಿಂದ ಮೇಲೇಳಲಿಲ್ಲ. ಬಸ್ಸು ಹಾರ್ನ್ ಹೊಡೆಯಿತು. ಗಾಬರಿಯಲ್ಲಿ ಅವಳ ಮಗನ ಕೈಯಿಂದ ರೈಲು ಬಿದ್ದು ಗಾಲಿ ಕಿತ್ತುಬಂತು. ತಾಯಿ ಹುಡುಗನ ಬೆನ್ನಿಗೆ ಬಾರಿಸಿದಳು. ಚಾಚಾ ಆಕೆಯ ಕೈ ತಡೆದು, ಬೇರೆ ರೈಲನ್ನು ಕಾಗದದಲ್ಲಿ ಸುತ್ತಿ, "ನಲವತ್ತೇ ಕೊಡಮ್ಮ, ಮಗು ಅಳಬಾರದು" ಎಂದರು. ಬಸ್ಸು ಹೊರಟ ಮೇಲೆ ನನ್ನತ್ತ ತಿರುಗಿ, "ಎರಡೂ ನನ್ ಲೆಕ್ಕಕ್ಕೆ ಬರ್ಕೊ" ಎಂದರು.

ಪುಸ್ತಕದಲ್ಲಿ 'ಚಾಚಾ, ರೈಲು' ಎಂದಷ್ಟೇ ಬರೆದೆ. ಆ ಪುಸ್ತಕ ಇಂದು ಸಿಕ್ಕರೂ ಅದರಿಂದ ಏನೂ ತಿಳಿಯದು. ಮಾಲೀಕರು ತಿಂಗಳ ಕೊನೆಗೆ ಚಾಚಾರ ಸಂಬಳದಲ್ಲಿ ಹಿಡಿಯುತ್ತಿದ್ದದ್ದು ಕೊಂಡ ಬೆಲೆಯಲ್ಲ, ಮಾರುವ ಬೆಲೆ. ಗಿರಾಕಿಗಳು ಮಾತ್ರ "ಆ ಅಂಗಡಿಯವರು ಬಹಳ ಒಳ್ಳೆಯವರು" ಎಂದು ಊರೆಲ್ಲ ಹೇಳುತ್ತಿದ್ದರು. ಒಳ್ಳೆಯತನದ ಖರ್ಚು ಒಬ್ಬರದು, ಹೆಸರು ಇನ್ನೊಬ್ಬರದು. ಈಗ ಫೋನಿನಲ್ಲಿ ತರಿಸಿಕೊಂಡ ವಸ್ತುವನ್ನು ಮೂರನೇ ದಿನಕ್ಕೆ ಹಿಂದಿರುಗಿಸಿ ಐದು ನಕ್ಷತ್ರ ಒತ್ತುವಾಗಲೂ, ಬಾಗಿಲಿಗೆ ಬಂದ ಹುಡುಗನ ಸಂಬಳದಲ್ಲಿ ಏನು ಕಡಿತವಾಯಿತೆಂದು ನಾವು ಕೇಳುವುದಿಲ್ಲ. ಹಾಗೆ ನೋಡಿದರೆ ನಾನೂ ಮಾಲೀಕರನ್ನು ಒಂದು ದಿನವೂ ಕೇಳಲಿಲ್ಲ.

ಒಂದು ರಂಜಾನಿನ ಹಿಂದಿನ ದಿನ ಸಂಬಳ ಕೊಡಲು ಚಾಚಾರ ಮನೆಗೆ ಹೋದೆ. ಶೀಟಿನ ಮನೆ, ಒಂದೇ ಕೋಣೆ. ಅವರ ಹೆಂಡತಿ ನೋಟುಗಳನ್ನು ಎರಡು ಸಲ ಎಣಿಸಿ ಕೇಳಿದರು: "ತಿಂಗಳಾ ತಿಂಗಳಾ ದುಡ್ಡು ಯಾಕೆ ಹಿಡೀತಾರೆ ಬೇಟಾ? ಸಾಮಾನು ಒಡೀತಾರಾ ಇವರು?"

ನಿಜ ಹೇಳಿದರೆ ಮನೆಯಲ್ಲಿ ಜಗಳವಾದೀತು ಎಂದುಕೊಂಡೆ. "ಹೌದಮ್ಮ, ಕೈ ನಡುಗುತ್ತಲ್ಲ" ಎಂದುಬಿಟ್ಟೆ. ಆಕೆ ಸುಮ್ಮನೆ ಕೂತರು. ಆಮೇಲೆ, "ಇಷ್ಟು ವರ್ಷ ಸಾವಿರಾರು ಮಾಡಿದ್ರು, ನನ್ ಮಕ್ಕಳಿಗೆ ಅಂತ ಒಂದು ಬುಗುರಿ ತಂದವರಲ್ಲ" ಎಂದರು. ಲೇತಿನ ಕೆಲಸದಲ್ಲಿ ಎಣಿಸಿದಷ್ಟು ಗೊಂಬೆಗೆ ಕೂಲಿ. ಒಂದನ್ನು ಮನೆಗೆ ತಂದರೆ ಅಷ್ಟು ಕೂಲಿ ಹೋಯಿತು. ಲೇತಿನವರ ಮನೆಯ ಈ ಕಥೆ ಊರಿಗೆಲ್ಲ ಗೊತ್ತಿತ್ತು.

ನನ್ನ ಮಾತು ಚಾಚಾರ ಕಿವಿಗೆ ಬಿದ್ದೇ ಇರಬೇಕು. ಹಬ್ಬ ಮುಗಿಸಿ ಬಂದವರು ಏನೂ ಕೇಳಲಿಲ್ಲ. ಮಧ್ಯಾಹ್ನ ಬಸ್ಸಿನಿಂದ ಇಳಿದ ಒಂದು ಹೆಣ್ಣುಮಗು ಬುಗುರಿಯನ್ನು ಎದೆಗವುಚಿಕೊಂಡು ಬಿಡದೆ ನಿಂತಿತು. ಅದರ ಅಪ್ಪನ ಜೇಬಿನಲ್ಲಿ ದುಡ್ಡಿರಲಿಲ್ಲ. ಚಾಚಾ ಮಗುವನ್ನು ಕಳಿಸಿಕೊಟ್ಟು, ನನ್ನತ್ತ ನೋಡಿ, ಮೆಲ್ಲಗೆ, "ಒಡೆದೆ ಅಂತ ಬರ್ಕೊ" ಎಂದರು.