ಕ್ಯೋಟೋದಲ್ಲೊಂದು ಮಡಿ ಊಟ

ಜಪಾನಿಗೆ ಹೋದರೆ ನಮ್ಮಂಥ ಸಸ್ಯಾಹಾರಿಗಳಿಗೆ ಊಟದ್ದೇ ಚಿಂತೆ. ತರಕಾರಿ ಸಾರು ಅಂತ ಕೊಟ್ಟರೂ ಅದರ ಕಟ್ಟು ಸಾಮಾನ್ಯವಾಗಿ ಒಣ ಮೀನಿನದು! ನವೆಂಬರಿನಲ್ಲಿ ಒಸಾಕಾದ ಮೈದುನನ ಮನೆಗೆ ಹೋಗಿದ್ದಾಗ, ಓರಗಿತ್ತಿ "ಅಕ್ಕಾ, ಇವತ್ತು ನೀವು ನಿಶ್ಚಿಂತೆಯಾಗಿ ಉಣ್ಣಿ" ಎಂದು ಕ್ಯೋಟೋದ ಪುಟ್ಟ ಊಟದ ಮನೆಯೊಂದಕ್ಕೆ ಕರೆದೊಯ್ದಳು.

ಅಲ್ಲಿಯದು ಶೋಜಿನ್ ರ್ಯೋರಿ, ಅಂದರೆ ಬೌದ್ಧ ಮಠಗಳ ಅಡುಗೆ. ಮೀನು, ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಥೇಟ್ ನಮ್ಮ ಮಡಿ ಅಡುಗೆ ಅನ್ನಿ! ಸಾರಿಗೆ ಕೊಂಬು ಎಂಬ ಕಡಲ ಸೊಪ್ಪು, ಒಣ ಅಣಬೆ ನೆನೆಸಿದ ನೀರು. ನಾವು ಇಂಥದ್ದು ಬೇಕು ಅನ್ನುವ ಹಾಗಿಲ್ಲ. ಆ ಋತುವಿನಲ್ಲಿ ಬೆಳೆದದ್ದೇ ಊಟ.

ಚಾಪೆಯ ಮೇಲೆ ಕೂತೆವು. ಮೊದಲು ಬಂದದ್ದು ಎಳ್ಳಿನ ತೋಫು. ಹೆಸರಿಗೆ ತೋಫು, ಅದರಲ್ಲಿ ಸೋಯಾ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು, ಕುಡ್ಜು ಗಡ್ಡೆಯ ಹಿಟ್ಟು ಕದಡಿ, ನಮ್ಮ ಹಾಲುಬಾಯಿಯ ಹಾಗೆ ಕೈಬಿಡದೆ ತಿರುವಬೇಕು. ಬಾಯಲ್ಲಿಟ್ಟರೆ ಕರಗಿತು! ಆಮೇಲೆ ಯುಬಾ, ಸೋಯಾ ಹಾಲು ಕಾಯಿಸಿದಾಗ ಕಟ್ಟುವ ಕೆನೆ. ಹಬೆಯಾಡುವ ಮೂಲಂಗಿಯ ಮೇಲೆ ಮಿಸೋ. ಅನ್ನ, ಉಪ್ಪಿನಕಾಯಿ ಬರುವುದು ಕೊನೆಗೆ. ಖಾರವಿಲ್ಲದೆ ನಮ್ಮ ಯಜಮಾನರ ಮುಖ ಸಪ್ಪಗಾಗಿತ್ತು.

ದೋಗೆನ್ ಎಂಬ ಝೆನ್ ಗುರು 1237ರಲ್ಲಿ ಮಠದ ಅಡುಗೆಯವರಿಗೆಂದೇ ಒಂದು ಗ್ರಂಥ ಬರೆದರಂತೆ. ಅಕ್ಕಿಯ ಒಂದು ಕಾಳೂ ಪೋಲಾಗಬಾರದು, ಅಡುಗೆಯೂ ಸಾಧನೆಯೇ ಅನ್ನುತ್ತದಂತೆ ಅದು. ಓರಗಿತ್ತಿ ಹೇಳಿದ್ದನ್ನು ಯಜಮಾನರೂ ಕೇಳಿಸಿಕೊಂಡರಲ್ಲ, ನನಗೆ ಅಷ್ಟೇ ಸಾಕು! ಒಂದೊಂದೇ ಬಟ್ಟಲು ಬಿಸಿಬಿಸಿಯಾಗಿ ಬರುತ್ತಿತ್ತು. ನಾನು ಒಮ್ಮೆಯೂ ಏಳಲಿಲ್ಲ.