ಬಾಕಿ ಉಳಿದ ಪುಟಗಳು

ಸೋದರಿಯರೇ, ನಿಮ್ಮ ಮೊಬೈಲಿನಲ್ಲಿ ಎಷ್ಟು ಫೋಟೋಗಳಿವೆ ಎಂದು ಎಂದಾದರೂ ನೋಡಿದ್ದೀರಾ? ನಾನು ಕಳೆದ ನಾಗರ ಪಂಚಮಿಯ ಮರುದಿನ, ಉಂಡಿಯ ಡಬ್ಬಿಗಳನ್ನೆಲ್ಲ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕುಳಿತು ನೋಡಿದೆ. ಒಂಬತ್ತು ಸಾವಿರದ ನಾನೂರು ಚಿಲ್ಲರೆ! ಎದೆ ಧಸಕ್ಕೆಂದಿತು. ಮನೆಗೆ ಹೇಳದೆ ಕೇಳದೆ ಇಪ್ಪತ್ತು ಜನ ಊಟಕ್ಕೆ ಬಂದಾಗಲೂ ನನಗೆ ಹಾಗಾಗಿರಲಿಲ್ಲ.

ಅದಕ್ಕೆ ಇಷ್ಟು ಗಾಬರಿ ಯಾಕೆ ಅಂತೀರಾ? ಆ ಫೋಟೋಗಳನ್ನೆಲ್ಲ ಆಲ್ಬಮ್ ಮಾಡುವ ಹವ್ಯಾಸ ನನ್ನದು. ಸ್ಟುಡಿಯೋದವರು ಮಾಡಿಕೊಡುವ ಮದುವೆ ಆಲ್ಬಮ್ ಅಲ್ಲ. ಮೊಬೈಲಿನಲ್ಲೇ ಒಂದು ಹಾಳೆ ತೆರೆದು, ಅದಕ್ಕೆ ಬಣ್ಣ ಕೊಟ್ಟು, ಎರಡೋ ಮೂರೋ ಫೋಟೋ ಕೂಡಿಸಿ, ಅಂಚಿಗೆ ಹೂಬಳ್ಳಿ ಹಾಕಿ, ಕೆಳಗೆ ನಾಲ್ಕು ಸಾಲು ಬರೆಯುವುದು. ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಎಂದು ಅದರ ಹೆಸರು. ಕತ್ತರಿ ಬೇಡ, ಅಂಟು ಬೇಡ, ಕಸ ಬಳಿಯುವ ಕೆಲಸವೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಧಾರವಾಡದ ಹಾಸ್ಟೆಲಿನಿಂದ ನಮ್ಮ ಹೊಂಬಳಕ್ಕೆ ಬಂದು ಕುಳಿತಿದ್ದ ಮಗಳು ಇದನ್ನು ನನಗೆ ಕಲಿಸಿದಳು. ಕ್ಯಾನ್ವಾ ಎಂಬ ಆ್ಯಪ್ ಹಾಕಿಕೊಟ್ಟು, ಕನ್ನಡದಲ್ಲಿ ಬರೆಯುವುದನ್ನೂ ತೋರಿಸಿದಳು. ಎಸ್ಸೆಸ್ಸೆಲ್ಸಿಯವರೆಗೆ ಓದಿದ ನನಗೆ ಬರುವುದೋ ಇಲ್ಲವೋ ಎಂಬ ಅಳುಕಿತ್ತು. ಮೂರನೆಯ ದಿನಕ್ಕೆ ಬಂತು ನೋಡಿ!

ಹಾಗೆ ನೋಡಿದರೆ ಈ ಹುಚ್ಚು ನನಗೆ ಹೊಸದಲ್ಲ, ತವರಿನ ಬಳುವಳಿ. ಮುಂಡರಗಿಯಲ್ಲಿ ನಮ್ಮವ್ವ ವಾರಪತ್ರಿಕೆಗಳಲ್ಲಿ ಬರುತ್ತಿದ್ದ ರಂಗೋಲಿ, ಅಡುಗೆ, ಮನೆಮದ್ದುಗಳನ್ನು ಕತ್ತರಿಸಿ, ನಮ್ಮ ಹಳೆಯ ಶಾಲೆಯ ನೋಟುಬುಕ್ಕಿಗೆ ಅಂಟಿಸುತ್ತಿದ್ದಳು. ಅಂಟು ಎಂದರೆ ಮೈದಾ ಹಿಟ್ಟು ಕುದಿಸಿದ ಗಂಜಿ. ಅದೂ ಇಲ್ಲದಿದ್ದರೆ ಅನ್ನದ ಅಗುಳು. ನಿಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಅಂಥ ಪುಸ್ತಕ ಇದ್ದೀತು. ಅಮೆರಿಕದ ದೊಡ್ಡ ಲೇಖಕ ಮಾರ್ಕ್ ಟ್ವೇನ್‌ಗೂ ಈ ಹುಚ್ಚಿತ್ತಂತೆ. ಮೊದಲೇ ಅಂಟು ಹಚ್ಚಿಟ್ಟ, ನೀರು ಸವರಿದರೆ ಸಾಕು ಚೀಟಿ ಹಿಡಿದುಕೊಳ್ಳುವ ಹಾಳೆಗಳ ಪುಸ್ತಕಕ್ಕೆ ಆತ 1873ರಲ್ಲಿ ಪೇಟೆಂಟನ್ನೇ ಪಡೆದಿದ್ದ. ನಮ್ಮವ್ವನ ಅನ್ನದ ಅಗುಳಿಗೆ ಮಾತ್ರ ಯಾರೂ ಪೇಟೆಂಟ್ ಕೊಡಲಿಲ್ಲ!

ಅದಿರಲಿ. ಮೊದಲ ವರ್ಷ ನನ್ನ ಉತ್ಸಾಹ ಹೇಳತೀರದು. ಗುರುವಾರಕ್ಕೊಂದು ಪುಟ. ಮಧ್ಯಾಹ್ನ ರೊಟ್ಟಿ ಬಡಿದು, ಒಲೆ ಸಾರಿಸಿ ಕುಳಿತರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಪುಟ ಸಿದ್ಧ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿದ್ದು, ಗದಗಿನ ತೋಂಟದಾರ್ಯ ಜಾತ್ರೆ, ಲಕ್ಕುಂಡಿಯ ಗುಡಿಯ ಮುಂದೆ ಮಗ ಮುಖ ಊದಿಸಿಕೊಂಡು ನಿಂತದ್ದು, ಒಂದೊಂದೂ ಒಂದು ಪುಟವಾಯಿತು. ಆದರೆ ನಾನೊಂದು ಹಟ ಹಿಡಿದಿದ್ದೆ. ಎಲ್ಲವೂ ಸಾಲಾಗಿಯೇ ಆಗಬೇಕು. ಮೊದಲ ಸ್ಮಾರ್ಟ್‌ಫೋನ್ ಕೊಂಡ 2016ರಿಂದ ಹಿಡಿದು, ಒಂದು ಹಬ್ಬವನ್ನೂ ಬಿಡದೆ ಮುಂದೆ ಬರಬೇಕು!

ಸಂಸಾರ ಅಂದಮೇಲೆ ನಾವು ಎಣಿಸಿದ ಹಾಗೆ ಆಗುತ್ತದೆಯೇ? ಸುಗ್ಗಿ ಬಂತು, ಮೆಣಸಿನಕಾಯಿ ಬಿಡಿಸುವ ಆಳುಗಳಿಗೆ ಬುತ್ತಿ ಕಟ್ಟುವುದು ಬಂತು, ಮಗನ ಪರೀಕ್ಷೆ ಬಂತು, ಅತ್ತೆಯವರಿಗೆ ಮೊಣಕಾಲು ನೋವು ಹೆಚ್ಚಾಯಿತು. ವಾರಕ್ಕೊಂದು ಪುಟ ತಿಂಗಳಿಗೊಂದಾಯಿತು, ಆಮೇಲೆ ಅದೂ ನಿಂತಿತು. ಫೋಟೋ ತೆಗೆಯುವುದು ನಿಂತಿತೇ? ಅದು ಮಾತ್ರ ಇಲ್ಲ. ಕಿರಾಣಿ ಅಂಗಡಿಯ ಉದ್ರಿಯಂತೆ ಬಾಕಿ ಏರುತ್ತಲೇ ಹೋಯಿತು. ಕೊನೆಗೆ ಆ ಆ್ಯಪ್ ತೆರೆಯಲೂ ಮನಸ್ಸು ಬರುತ್ತಿರಲಿಲ್ಲ. ಸಂತೋಷಕ್ಕೆಂದು ಹಿಡಿದ ಕೆಲಸ, ರಾತ್ರಿ ತೊಳೆಯದೆ ಬಿಟ್ಟ ಪಾತ್ರೆಯ ರಾಶಿಯಂತೆ ಕಾಣತೊಡಗಿತು. ನಾದಿನಿಯ ಮಗಳ ಕುಬಸದಲ್ಲಿ ಒಂದೇ ಸವನೆ ಫೋಟೋ ಹೊಡೆಯುತ್ತಿದ್ದೆ. ನಾದಿನಿ ಬಂದು, “ವೈನಿ, ಫೋಟೋ ಸಾಕ್ರಿ, ಆರತಿ ಹಿಡೀ ಬರ್ರಿ” ಎಂದು ಕೈ ಹಿಡಿದು ಎಳೆದಳು. ನಾಚಿಕೆಯಾಯಿತು. ಪುಟಕ್ಕಾಗಿ ಹಬ್ಬವೋ, ಹಬ್ಬಕ್ಕಾಗಿ ಪುಟವೋ?

ನಮ್ಮ ಅತ್ತೆಯವರಿಗೂ ಒಂದು ಹವ್ಯಾಸವಿತ್ತು, ಕೌದಿ ಹೊಲಿಯುವುದು. ಹಳೆಯ ಸೀರೆ, ಧೋತರ, ಹುಡುಗರ ಹರಿದ ಅಂಗಿ ಒಂದನ್ನೂ ಬಿಸಾಡದೆ ಗಂಟು ಕಟ್ಟಿಡುವರು. ಬೇಸಿಗೆಯಲ್ಲಿ ಪಡಸಾಲೆಯಲ್ಲಿ ಹಾಸಿಕೊಂಡು ಕುಳಿತರೆ ಸಾಲು ಸಾಲು ದಾರ. ಮಳೆ ಬಿದ್ದರೆ ಸುತ್ತಿಟ್ಟುಬಿಡುವರು. ಮತ್ತೆ ಕೈಗೆತ್ತಿಕೊಳ್ಳುವುದು ಮುಂದಿನ ಬೇಸಿಗೆಗೇ. “ಇನ್ನೂ ಮುಗಿದಿಲ್ಲೇನ್ರಿ ಅತ್ತಿ?” ಎಂದರೆ, “ಕೌದಿ ಏನ್ ಓಡಿ ಹೋಕ್ಕತೇನವಾ? ಕೈ ಬಿಡುವಾದಾಗ ಹೊಲಿಯೂದು” ಎನ್ನುವರು. ಅವರ ಮುಖದಲ್ಲಿ ಒಂದು ದಿನವೂ ಬಾಕಿಯ ಚಿಂತೆ ಕಾಣಲಿಲ್ಲ.

ಇನ್ನು ಹೇಳಲು ಕಷ್ಟವಾಗುವ ಮಾತು. ಅತ್ತೆಯವರ ಮದುವೆಯ ಒಂದೇ ಒಂದು ಕಪ್ಪು-ಬಿಳುಪು ಫೋಟೋ ನಮ್ಮಲ್ಲಿದೆ. ಮನೆಯ ಕಟ್ಟೆಯ ಮುಂದೆ ನಿಂತು ತೆಗೆಸಿದ್ದು, ಹದಿನೇಳು ಜನ ಇದ್ದಾರೆ. ಅದನ್ನು ಮೊಬೈಲಿಗೆ ಇಳಿಸಿಕೊಂಡಿದ್ದೆ. ಅತ್ತೆಯವರು ಎರಡು ಮೂರು ಸಲ ತಾವಾಗಿಯೇ ಕರೆದರು: “ಆ ಫೋಟೋದಾಗಿನ ಮಂದಿ ಹೆಸರು ಬರಕೋ ಬಾರವಾ, ನಾ ಹೇಳ್ತೇನಿ.” “ನಾಳಿಗೆ ಬರಕೋತೇನ್ರಿ ಅತ್ತಿ” ಎಂದೆ ನಾನು. ಮೊದಲು ನನ್ನ ಬಾಕಿ ಪುಟಗಳು ಮುಗಿಯಲಿ, ಸಾಲಾಗಿ ಬರೋಣ, ಅವರ ಪುಟವನ್ನು ಕೊನೆಗೆ ಚೆಂದಾಗಿ ಮಾಡೋಣ ಎಂಬ ಹಟ. 2024ರ ಸಂಕ್ರಾಂತಿ ಕಳೆದು ವಾರವಾಗಿತ್ತು. ಸಜ್ಜಿ ರೊಟ್ಟಿ ಇನ್ನೂ ಬುಟ್ಟಿಯಲ್ಲಿತ್ತು. ಬೆಳಗಿನ ಜಾವ ಅತ್ತೆಯವರು ನಿದ್ದೆಯಲ್ಲೇ ಹೋದರು.

ಹದಿನೇಳು ಜನರಲ್ಲಿ ನನಗೆ ಗೊತ್ತಿದ್ದದ್ದು ಐವರು. ನಮ್ಮ ಯಜಮಾನರು ಇನ್ನಿಬ್ಬರನ್ನು ಗುರುತಿಸಿದರು. ದಿನಕರ್ಮವೆಲ್ಲ ಮುಗಿದ ಮೇಲೆ ಓಣಿಯ ಹಿರಿಯಜ್ಜಿಯೊಬ್ಬರ ಹತ್ತಿರ ಹೋಗಿ, ಫೋಟೋ ದೊಡ್ಡದು ಮಾಡಿ ತೋರಿಸಿದೆ. ಅವರು ಮೂವರ ಹೆಸರು ಹೇಳಿದರು. ಉಳಿದವರು ಯಾರೋ ತಿಳಿಯದು. ಬಲಗಡೆಯ ಮೂಲೆಯಲ್ಲಿ ಆರತಿ ತಟ್ಟೆ ಹಿಡಿದ ಒಬ್ಬ ಪುಟ್ಟ ಹುಡುಗಿ ಇದ್ದಾಳೆ. ಅತ್ತೆಯವರ ಸೆರಗಿನ ಚುಂಗು ಅವಳ ಕೈಯಲ್ಲಿದೆ. ಅಷ್ಟು ಸಲಿಗೆಯ ಹುಡುಗಿ ಯಾರು? ಹೇಳಬಲ್ಲವರು ಪಡಸಾಲೆಯಲ್ಲೇ ಕುಳಿತಿದ್ದರು, ನಾನು 2016ರ ದೀಪಾವಳಿಯ ಹಾಳೆಗೆ ಯಾವ ಬಣ್ಣ ಒಪ್ಪುತ್ತದೆಂದು ನೋಡುತ್ತಿದ್ದೆ.

ಆಮೇಲೆ ಬಹಳ ದಿನ ನಾನು ಆ ಕೆಲಸ ಮುಟ್ಟಲಿಲ್ಲ. ಒಮ್ಮೆ ಎಲ್ಲ ಅಳಿಸಿಬಿಡೋಣ ಎಂದೂ ಅನಿಸಿತು. ಮಗಳೇ ತಡೆದಳು. “ಇದೇನ್ ಪರೀಕ್ಷಾ ಐತೇನವ್ವಾ, ಫೇಲಾಗಾಕ? ನಿನಗ ಬೇಕಾದ್ದಷ್ಟ ಮಾಡು” ಎಂದಳು. ಯೋಚಿಸಿದೆ. ಪುಟ ಹಿಂದೆ ಬಿದ್ದದ್ದು ತಪ್ಪಾಗಿರಲಿಲ್ಲ, ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದನ್ನು ನಾನು ತಿಳಿಯದೇ ಹೋಗಿದ್ದೆ. ಹೂಬಳ್ಳಿ ಕಾಯುತ್ತದೆ, ಬಣ್ಣ ಕಾಯುತ್ತದೆ. ಹೆಸರು ಹೇಳುವ ಬಾಯಿ ಕಾಯುವುದಿಲ್ಲ.

ಈಗ ನಾನು ಮಾಡಿಕೊಂಡ ರೂಢಿಗಳನ್ನು ಹೇಳುತ್ತೇನೆ, ನಿಮಗೂ ಉಪಯೋಗವಾದೀತು.

ಮೊದಲನೆಯದು, ಹೆಸರು ಮೊದಲು, ಅಲಂಕಾರ ಆಮೇಲೆ. ಹಳೆಯ ಫೋಟೋ ಹಿಡಿದುಕೊಂಡು ಹಿರಿಯರ ಹತ್ತಿರ ಕುಳಿತು, ಮೊಬೈಲಿನಲ್ಲಿ ಅವರ ಧ್ವನಿಯನ್ನೇ ರೆಕಾರ್ಡ್ ಮಾಡಿಕೊಳ್ಳಿ, ಬರೆಯುವ ಕಷ್ಟವಿಲ್ಲ. ಫೋಟೋದ ಹಿಂದೆ ಬರೆಯುವುದಾದರೆ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಬಾಲ್ ಪೆನ್ನು ಒತ್ತಿದರೆ ಮುಂದಿನ ಚಿತ್ರದ ಮೇಲೆ ಗೆರೆ ಮೂಡುತ್ತದೆ. ಹಳೆಯ ಫೋಟೋವನ್ನು ಮೊಬೈಲಿಗೆ ಇಳಿಸುವಾಗ ಫ್ಲ್ಯಾಶ್ ಬೇಡ. ಬಿಸಿಲು ನೇರ ಬೀಳದ ಕಿಟಕಿಯ ಬಳಿ ಇಟ್ಟು ತೆಗೆಯಿರಿ.

ಎರಡನೆಯದು, ಇಂದಿನಿಂದ ಆರಂಭಿಸಿ. ಬಾಕಿಯನ್ನು ತೀರಿಸಿಯೇ ಮುಂದೆ ಹೋಗುತ್ತೇನೆ ಎನ್ನಬೇಡಿ. ಮನಸ್ಸಿಗೆ ಬಂದ ಫೋಟೋದಿಂದ ಪುಟ ಮಾಡಿ. 2019 ಆದ ಮೇಲೆ 2012 ಬಂದರೆ ಯಾರು ಕೇಳುತ್ತಾರೆ? ಕೌದಿಯಲ್ಲಿ ಅಜ್ಜಿಯ ಸೀರೆಯ ಪಕ್ಕ ಮೊಮ್ಮಗನ ಅಂಗಿಯ ತುಂಡು ಕೂಡುವುದಿಲ್ಲವೇ?

ಮೂರನೆಯದು, ಕಾಳು ಹಸನು ಮಾಡಿದಂತೆ ಫೋಟೋಗಳನ್ನೂ ಹಸನು ಮಾಡಿ. ಒಂದು ಹಬ್ಬಕ್ಕೆ ಮೂರು ಫೋಟೋ ಸಾಕು. ಗೂಗಲ್ ಫೋಟೋಸ್‌ನಲ್ಲಿ ಮೊದಲು ಎಷ್ಟು ಬೇಕಾದರೂ ಬಿಟ್ಟಿಯಾಗಿ ಇಡಬಹುದಿತ್ತು. 2021ರ ಜೂನ್ 1ರಿಂದ ಈಚೆಗೆ ಹಾಕಿದ ಫೋಟೋಗಳನ್ನು 15 ಜಿಬಿ ಲೆಕ್ಕಕ್ಕೆ ಹಿಡಿಯುತ್ತಾರೆ, ಅದರಲ್ಲಿ ನಿಮ್ಮ ಜಿ-ಮೇಲ್ ಪತ್ರಗಳೂ ಸೇರಿವೆ. ‘ಶುಭೋದಯ’ದ ಹೂವು, ಮಸುಕಾದವು, ಒಂದೇ ಭಂಗಿಯ ಎಂಟು ಫೋಟೋಗಳನ್ನು ದಿನಕ್ಕೆ ಹತ್ತರಂತೆ ಅಳಿಸಿದೆ. ಅರ್ಧ ಬಾಕಿ ಹಾಗೆಯೇ ತೀರಿತು!

ನಾಲ್ಕನೆಯದು, ಮಾಡಿದ್ದನ್ನು ನಾಲ್ಕು ಜನ ನೋಡಲಿ. ಪುಟವನ್ನು ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿದರೆ ಚಿತ್ರದ ಸ್ಪಷ್ಟತೆ ಕೆಡುವುದಿಲ್ಲ. ವರ್ಷಕ್ಕೆ ಹತ್ತು ಹನ್ನೆರಡು ಪುಟಗಳನ್ನಾದರೂ ಪ್ರಿಂಟ್ ಹಾಕಿಸಿ. ನಾನು ಗದಗಿಗೆ ಸಂತೆಗೆ ಹೋದಾಗ ಸ್ಟುಡಿಯೋದಲ್ಲಿ ಹಾಕಿಸಿಕೊಂಡು ಬರುತ್ತೇನೆ. ಮೊಬೈಲ್ ಕೆಟ್ಟರೂ ಅಷ್ಟಾದರೂ ಉಳಿಯುತ್ತದೆ.

ಈಗ ನನಗೆ ಗುರುವಾರದ ಕಟ್ಟಳೆ ಇಲ್ಲ. ಕೆಲವು ತಿಂಗಳು ಒಂದು ಪುಟವೂ ಆಗುವುದಿಲ್ಲ, ಚಿಂತೆಯೂ ಆಗುವುದಿಲ್ಲ. ಹೋದ ಬೇಸಿಗೆಯಲ್ಲಿ ಅತ್ತೆಯವರು ಅರ್ಧಕ್ಕೆ ಬಿಟ್ಟ ಕೌದಿಯನ್ನೂ ಹೊರತೆಗೆದೆ. ಅವರ ಹೊಲಿಗೆ ಗೆರೆ ಎಳೆದಂತೆ, ನನ್ನದು ಸೊಟ್ಟ. ಯಾರ ಕೈ ಎಲ್ಲಿಗೆ ಮುಗಿಯಿತೆಂದು ನೋಡಿದವರಿಗೆ ತಿಳಿಯುತ್ತದೆ, ತಿಳಿಯಲಿ. ಆ ಮದುವೆಯ ಫೋಟೋದ ಪುಟವನ್ನೂ ಮಾಡಿದೆ. ಹಿನ್ನೆಲೆಗೆ ಕೌದಿಯದೇ ಚಿತ್ರ. ಕೆಳಗೆ ಹತ್ತು ಹೆಸರು ಬರೆದು, ಆಮೇಲೆ, ‘ಮೂಲೆಯಲ್ಲಿ ಆರತಿ ಹಿಡಿದ ಹುಡುಗಿ, ಹೆಸರು ಕೇಳುವುದು ಉಳಿಯಿತು’ ಎಂದು ಸೇರಿಸಿದೆ. ಮನೆಗೆ ಬಂದ ಹಿರಿಯರಿಗೆಲ್ಲ ಚಹಾ ಕೊಟ್ಟ ಮೇಲೆ ಆ ಪುಟ ತೋರಿಸುತ್ತೇನೆ. ಎಂದಾದರೂ ಯಾರಾದರೂ ಹೇಳಿಯಾರು.

ನಿಮ್ಮ ಮನೆಯಲ್ಲಿಯೂ ಟ್ರಂಕಿನ ತಳದಲ್ಲಿ ಅಂಥದೊಂದು ಫೋಟೋ ಇದ್ದೇ ಇರುತ್ತದೆ. ಇವತ್ತು ಸಂಜೆ ಅದನ್ನು ತೆಗೆದು ನಿಮ್ಮ ಅತ್ತೆಯವರ, ಅವ್ವನ ಪಕ್ಕ ಕುಳಿತುಕೊಳ್ಳಿ. ಒಲೆಯ ಮೇಲಿನ ಸಾರು ಆರಿದರೆ ಮತ್ತೆ ಬಿಸಿ ಮಾಡಿದರಾಯಿತು. ಏನಂತೀರಿ?